ವಸಾಹತುಶಾಹಿ ಅಂದರೆ ಏನು? ಬ್ರಿಟಿಷರು ಹೋದ ಮೇಲೂ ಅದು ಇದೆಯಾ?

ಹೊರಗಿನವರು ಬಂದು ನಮ್ಮ ನೆಲ, ಬೆಳೆ, ಕಾನೂನು ಎಲ್ಲವನ್ನೂ ತಮ್ಮ ಲಾಭಕ್ಕೆ ತಕ್ಕಂತೆ ನಡೆಸುವುದೇ ವಸಾಹತುಶಾಹಿ. ಯಾರು ಆಳುತ್ತಾರೆ ಅನ್ನುವುದಕ್ಕಿಂತ ಯಾರಿಗಾಗಿ ಆಳುತ್ತಾರೆ ಅನ್ನುವುದನ್ನು ನೋಡಬೇಕು.

ನಮ್ಮ ಉತ್ತರ ಕನ್ನಡವನ್ನೇ ತೆಗೆದುಕೊಳ್ಳಿ. ಇಂಗ್ಲಿಷರು 17ನೇ ಶತಮಾನದಲ್ಲೇ ಕಾಳುಮೆಣಸಿಗಾಗಿ ಕಾರವಾರಕ್ಕೆ ಬಂದರು. 1862ರಲ್ಲಿ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡ ಕಡೆಯ ಹತ್ತಿ ಕಾರವಾರ ಬಂದರಿನಲ್ಲಿ ಹಡಗು ಹತ್ತಬೇಕಿತ್ತು, ಅದಕ್ಕೆ.

ಕಾಡಿನ ಕತೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಶಿರಸಿ ಕಡೆ ಅಡಿಕೆ ಮರದ ಬುಡಕ್ಕೆ ಹಾಕುವ ಸೊಪ್ಪು, ದನದ ಮೇವು, ಒಲೆಯ ಸೌದೆ ಎಲ್ಲ ಬೆಟ್ಟದಿಂದಲೇ ಬರಬೇಕು, ಅಲ್ವಾ? ಬ್ರಿಟಿಷರು ತೋಟದವರಿಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ಕಡಿಯುವ ಕಾಡು, ಬಿಟ್ಟುಕೊಟ್ಟರು, ಆದರೆ ಅಲ್ಲಿನ ತೇಗ, ಶ್ರೀಗಂಧ ಸರ್ಕಾರದ್ದು. ತೋಟವೇ ಇಲ್ಲದೆ ಕುಮರಿ ಬೇಸಾಯದಿಂದ ಬದುಕುತ್ತಿದ್ದವರ ಪಾಡು ಇನ್ನೂ ಕಷ್ಟ. ಕಾಡು ಸುಟ್ಟು ರಾಗಿ ಬಿತ್ತುವುದಕ್ಕೇ ಕಡಿವಾಣ ಬಿತ್ತು. 1930ರ ದಶಕದಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಜಮೀನು ಹೋದರೂ ಸರಿ, ಕರ ಕೊಡುವುದಿಲ್ಲ ಅಂತ ನಿಂತರು.

ಈಗ ಸೈನ್ಯ ಬರಬೇಕಾಗಿಲ್ಲ. ಸಾಲ, ಅದರ ಷರತ್ತು, ಹೊರಗೆ ನಿಗದಿಯಾಗುವ ಬೆಲೆ ಸಾಕು. ಆಫ್ರಿಕಾದ ಘಾನಾ ದೇಶದ ಆಗಿನ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ 1965ರಲ್ಲಿ ಇದನ್ನು ನವವಸಾಹತುಶಾಹಿ ಎಂದು ವಿವರಿಸಿದರು. ಹಾಗಂತ ವಿದೇಶಿ ವ್ಯಾಪಾರವೆಲ್ಲ ವಸಾಹತುಶಾಹಿ ಅಲ್ಲ. ಬೆಲೆ ಹೇಳುವ ಶಕ್ತಿ ಬೆಳೆದವನಿಗೆ ಇಲ್ಲದಾಗ ಅನುಮಾನ ಪಡಬೇಕು. ಐವರಿ ಕೋಸ್ಟ್ ಮತ್ತು ಘಾನಾ ಸೇರಿ ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಕೋಕೋ ಬೆಳೆಯುತ್ತವೆ. ಚಾಕೊಲೇಟಿನ ದೊಡ್ಡ ಲಾಭ ಮಾತ್ರ ಯುರೋಪ್, ಅಮೆರಿಕದಲ್ಲೇ ಉಳಿಯುತ್ತದೆ.