ಓದುಗರ ಪ್ರಶ್ನೆ: ಗುಂಪಿಗೆ ಬಂದ ಖಾಸಗಿ ಚಿತ್ರ

ಪ್ರಶ್ನೆ: ನಮ್ಮ ಹದಿನಾರು ವರ್ಷದ ಮಗನಿರುವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಅವನ ಸಹಪಾಠಿಯೊಬ್ಬಳ ಖಾಸಗಿ ಚಿತ್ರವನ್ನು ಹಾಕಿದ್ದಾರೆ. ತಾನು ಅದನ್ನು ಯಾರಿಗೂ ಕಳುಹಿಸಿಲ್ಲವಾದ್ದರಿಂದ ತನ್ನ ತಪ್ಪೇನೂ ಇಲ್ಲ ಎನ್ನುತ್ತಾನೆ. ಇದು ಸರಿಯೇ? ನಾವೀಗ ಏನು ಮಾಡಬೇಕು?

ಉತ್ತರ: ಅವನು ಅದನ್ನು ಮುಂದಕ್ಕೆ ಕಳುಹಿಸದೇ ಇದ್ದದ್ದು ಒಳ್ಳೆಯ ಕೆಲಸ, ಮೊದಲು ಆ ಮಾತನ್ನೇ ಅವನಿಗೆ ಹೇಳಿ. ಆದರೆ ಅಲ್ಲಿಗೆ ಅವನ ಹೊಣೆ ಮುಗಿಯಲಿಲ್ಲ. ತನ್ನ ಪಾಸ್‌ವರ್ಡ್ ಬೇರೆಯವರ ಕೈಗೆ ಸಿಗಬಾರದೆಂದು ಬಯಸುವ ಹುಡುಗ, ಇನ್ನೊಬ್ಬರ ಗುಟ್ಟು ತನ್ನ ಫೋನಿಗೆ ಬಂದು ಬಿದ್ದಾಗ ಅದನ್ನೂ ಅಷ್ಟೇ ಜೋಪಾನವಾಗಿ ಕಾಯಬೇಕಾಗುತ್ತದೆ. ಅಂತರ್ಜಾಲದ ನೀತಿ ಒಂದು ಪಾಠ, ಮಾಹಿತಿಯ ಸುರಕ್ಷತೆ ಇನ್ನೊಂದು ಪಾಠ ಎಂದು ಮಕ್ಕಳಿಗೆ ಬೇರೆಬೇರೆಯಾಗಿ ಹೇಳಿಕೊಡುವುದು ನನಗಂತೂ ಒಪ್ಪಿಗೆಯಾಗದು.

ಗುಂಪಿಗೆ ಬಂದ ಚಿತ್ರಗಳು ತಾವಾಗಿಯೇ ಗ್ಯಾಲರಿಯಲ್ಲಿ ಉಳಿಯುವ ಸೆಟ್ಟಿಂಗ್ ಬಹಳಷ್ಟು ಫೋನುಗಳಲ್ಲಿ ಚಾಲ್ತಿಯಲ್ಲಿರುತ್ತದೆ. ಗ್ಯಾಲರಿಯ ಬ್ಯಾಕಪ್ ಇದ್ದರೆ ಅದೇ ಚಿತ್ರದ ಒಂದು ಪ್ರತಿ ಕ್ಲೌಡ್ ಖಾತೆಯಲ್ಲಿಯೂ, ಅಂದರೆ ಅಂತರ್ಜಾಲದಲ್ಲಿರುವ ಸಂಗ್ರಹದಲ್ಲಿಯೂ, ಕುಳಿತಿರುತ್ತದೆ. ಹದಿನೆಂಟು ತುಂಬದವರ ಇಂತಹ ಚಿತ್ರವನ್ನು ಇಟ್ಟುಕೊಳ್ಳುವುದೇ ಅನೇಕ ದೇಶಗಳಲ್ಲಿ ಅಪರಾಧ. ಆದ್ದರಿಂದ ಸಾಕ್ಷ್ಯಕ್ಕೆಂದು ಕೂಡ ಅದರ ಸ್ಕ್ರೀನ್‌ಶಾಟ್ ತೆಗೆಯಬೇಡಿ. ಗುಂಪಿನ ಹೆಸರು, ಕಳುಹಿಸಿದವರ ಸಂಖ್ಯೆ, ದಿನಾಂಕ, ಸಮಯ ಇಷ್ಟನ್ನು ಬರೆದಿಟ್ಟುಕೊಂಡು, ಆ್ಯಪ್‌ನಲ್ಲಿಯೇ ಆ ಸಂದೇಶದ ವಿರುದ್ಧ ದೂರು ಕೊಟ್ಟು, ಬಳಿಕ ಎಲ್ಲ ಕಡೆಯಿಂದಲೂ ಚಿತ್ರವನ್ನು ಅಳಿಸಲು ಹೇಳಿ.

ಅಳಿಸಿ ಸುಮ್ಮನಾದರೆ ಆ ಹುಡುಗಿಗೆ ಏನೂ ನೆರವಾದಂತಾಗುವುದಿಲ್ಲ. ಅವಳು ನಂಬುವ ಹಿರಿಯರೊಬ್ಬರ ಮೂಲಕ, ಉದಾಹರಣೆಗೆ ಒಬ್ಬ ಶಿಕ್ಷಕಿಯ ಮೂಲಕ, ವಿಷಯವನ್ನು ಅವಳಿಗೆ ತಿಳಿಸಿ. ಅವಳಿಗಾಗಿಯೇ ಇರುವ ಒಂದು ದಾರಿಯೂ ಉಂಟು. ಅಪ್ರಾಪ್ತರ ಚಿತ್ರಗಳನ್ನು ತೆಗೆಸಲೆಂದು ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು 2023ರಲ್ಲಿ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯನ್ನು ಆರಂಭಿಸಿತು. ಅಲ್ಲಿ ಚಿತ್ರವನ್ನು ಯಾರಿಗೂ ಕೊಡಬೇಕಾಗಿಲ್ಲ. ಅದರ ಡಿಜಿಟಲ್ ಬೆರಳಚ್ಚು, ಅಂದರೆ ಆ ಚಿತ್ರವನ್ನು ಗುರುತಿಸುವ ಒಂದು ಸಂಕೇತ, ಅವಳ ಸಾಧನದಲ್ಲಿಯೇ ತಯಾರಾಗಿ, ಆ ಬೆರಳಚ್ಚು ಮಾತ್ರ ಈ ವ್ಯವಸ್ಥೆಗೆ ಸೇರಿದ ಜಾಲತಾಣಗಳಿಗೆ ಹೋಗುತ್ತದೆ ಮತ್ತು ಅದಕ್ಕೆ ಹೊಂದುವ ಚಿತ್ರ ಅಲ್ಲಿ ಕಂಡರೆ ತೆಗೆಯಲಾಗುತ್ತದೆ. ಆದರೆ ವಾಟ್ಸ್‌ಆ್ಯಪ್‌ನಂತಹ ಗೂಢಲಿಪೀಕರಣಗೊಂಡ, ಅಂದರೆ ಸಂದೇಶವನ್ನು ಹೊರಗಿನವರು ಓದಲಾಗದ, ಖಾಸಗಿ ಗುಂಪುಗಳೊಳಗೆ ಇದು ನಡೆಯದು. ಅಲ್ಲಿ ಚಿತ್ರ ಹರಡುವುದು ನಿಲ್ಲುವುದು ಗುಂಪಿನಲ್ಲಿರುವವರು ನಿಲ್ಲಿಸಿದರೆ ಮಾತ್ರ. ನಿಮ್ಮ ಮಗ ಅಲ್ಲಿ "ಇದನ್ನು ಅಳಿಸಿ" ಎಂದು ಒಂದು ಸಾಲು ಬರೆಯಬಲ್ಲನಾದರೆ ಅದಕ್ಕೆ ಬೆಲೆಯಿದೆ. ಕೋಪದಲ್ಲಿ ಅವನ ಫೋನನ್ನು ಕಿತ್ತುಕೊಳ್ಳಬೇಡಿ. ಹಾಗೆ ಮಾಡಿದರೆ ಮುಂದಿನ ಸಲ ಅವನು ನಿಮ್ಮ ಬಳಿ ಬಾಯಿಯನ್ನೇ ಬಿಡುವುದಿಲ್ಲ.

ಪ್ರಶ್ನೆ: ಪಾಸ್‌ವರ್ಡನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕೆಂಬ ನಿಯಮ ನಮ್ಮ ಕಚೇರಿಯಲ್ಲಿದೆ. ನೆನಪಿಡಲಾಗದೆ ನಾನು ಕೊನೆಯ ಅಂಕಿಯನ್ನಷ್ಟೇ ಬದಲಿಸುತ್ತೇನೆ. ಮನೆಯ ಖಾತೆಗಳಿಗೂ ಹೀಗೆ ಮಾಡಬೇಕೇ?

ಉತ್ತರ: ಬೇಡ. ಜನ ನಿಮ್ಮಂತೆಯೇ ಮಾಡುತ್ತಾರೆ ಎಂಬ ಕಾರಣಕ್ಕೇ ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ, ಸೋರಿಕೆಯ ಸುಳಿವಿಲ್ಲದೆ ನಿಗದಿತ ಅವಧಿಗೊಮ್ಮೆ ಪಾಸ್‌ವರ್ಡ್ ಬದಲಿಸುವಂತೆ ಒತ್ತಾಯಿಸಬಾರದೆಂದು 2017ರಲ್ಲಿಯೇ ಸೂಚಿಸಿತು. ನಿಜವಾದ ಅಪಾಯವಿರುವುದು ಒಂದೇ ಪಾಸ್‌ವರ್ಡನ್ನು ಹಲವು ಕಡೆ ಬಳಸುವುದರಲ್ಲಿ. ಒಂದು ತಾಣದಿಂದ ಸೋರಿದ್ದನ್ನು ಕಳ್ಳರು ತಂತ್ರಾಂಶದ ನೆರವಿನಿಂದ ನೂರಾರು ತಾಣಗಳಲ್ಲಿ ಪರೀಕ್ಷಿಸಿ ನೋಡುತ್ತಾರೆ. ಪ್ರತಿ ಖಾತೆಗೂ ಉದ್ದವಾದ, ಬೇರೆಯದೇ ಆದ ಪಾಸ್‌ವರ್ಡ್ ಇರಲಿ. ಅವುಗಳನ್ನು ನೆನಪಿಡುವ ಕೆಲಸವನ್ನು ಪಾಸ್‌ವರ್ಡ್ ಮ್ಯಾನೇಜರ್‌ಗೆ, ಅಂದರೆ ಪಾಸ್‌ವರ್ಡ್‌ಗಳನ್ನು ಜೋಪಾನವಾಗಿಡುವ ತಂತ್ರಾಂಶಕ್ಕೆ, ಬಿಡಿ. ಎಲ್ಲ ಖಾತೆಗಳಿಗೂ ಒಮ್ಮೆಲೇ ಇದನ್ನು ಮಾಡಲಾಗದಿದ್ದರೆ ಇ-ಮೇಲ್‌ನಿಂದ ಆರಂಭಿಸಿ, ಅದಕ್ಕೆ ಎರಡು ಹಂತದ ದೃಢೀಕರಣವನ್ನೂ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪರೀಕ್ಷೆ) ಹಾಕಿ, ಏಕೆಂದರೆ ಉಳಿದ ಬಹುತೇಕ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅಲ್ಲಿಗೇ.