ಹಳೇ ಲ್ಯಾಪ್‌ಟಾಪ್‌ಗೆ ಉಬುಂಟುನಾ, ಮಿಂಟಾ, ಫೆಡೋರಾನಾ? ಡೇಟಾ ಹೋಗದಂಗೆ ಯಾವುದು ಹಾಕ್ಲಿ?

ನಾಲ್ಕು ಜಿಬಿ ರ‍್ಯಾಮು, ವಿಂಡೋಸ್ 10ಗೆ ಅಪ್‌ಡೇಟ್ ನಿಂತೋಯ್ತು, ಮನೆಯವರ ಫೋಟೋ ಎಲ್ಲಾ ಅದರಲ್ಲೇ ಇದೆ, ಮೂರರಲ್ಲಿ ಸೇಫ್ ಯಾವುದು ಅಂತ ಕೇಳಿದ್ದೀರ. ಡೇಟಾ ಹೋಗೋದಕ್ಕೂ ಡಿಸ್ಟ್ರೋಗೂ (ಉಬುಂಟು, ಮಿಂಟು, ಫೆಡೋರಾ, ಎಲ್ಲಾ ವಿಂಡೋಸ್ ಬದಲು ಹಾಕೋ ಲಿನಕ್ಸಿನ ಬಗೆಗಳು) ಸಂಬಂಧನೇ ಇಲ್ಲ ಕಣ್ರೀ. ನಂದು ಹೋಗಿದ್ದು ಉಬುಂಟು ಇನ್‌ಸ್ಟಾಲ್ ಆಗೋಕೆ ಮುಂಚೆನೇ.

2016. ತಿಪಟೂರಲ್ಲಿ ನಮ್ಮ ಸೋದರಮಾವಂದು ಜೆರಾಕ್ಸ್, ಡಿಟಿಪಿ ಅಂಗಡಿ. ಟೈಪಿಂಗ್ ಮಷಿನ್‌ಗೆ ಕಸ್ಟಮರ್ ಪೆನ್‌ಡ್ರೈವ್‌ಗಳಿಂದ ದಿನಾ ಶಾರ್ಟ್‌ಕಟ್ ವೈರಸ್ ಬರ್ತಿತ್ತು. ನಾನು ಆಗ ಹೊಸದಾಗಿ ಲಿನಕ್ಸ್ ಕಲ್ತಿದ್ದೆ, ಕೇಳ್ಬೇಕಾ, 'ಮಾವ, ಉಬುಂಟು 16.04 ಬಂದಿದೆ, ಹಾಕ್ಬಿಡ್ತೀನಿ, ವೈರಸ್ ಕಾಟನೇ ಇರಲ್ಲ' ಅಂತ ಹೊರಟೆ. ಫೈಲೆಲ್ಲಾ 500 ಜಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡ್ದೆ, ಇನ್‌ಸ್ಟಾಲ್‌ಗೆ ಹಾಕ್ದೆ, ಅದು ಹಳೇ ಡಿಸ್ಕೆಲ್ಲಾ ಅಳಿಸಿ ಅರ್ಧಕ್ಕೆ ಬಂದು ಎರರ್ ಕೊಟ್ಟು ನಿಂತ್ಕೊಳ್ತು. ಉಬುಂಟು ಹಾಕಿದ್ದ ಪೆನ್‌ಡ್ರೈವ್ ಸರಿಯಾಗಿ ಬರ್ನ್ ಆಗಿರ್ಲಿಲ್ಲ (ಸಿಂಕ್ ಕೊಡದೆ, ಅಂದ್ರೆ ಬರೆಯೋದು ಪೂರ್ತಿ ಮುಗಿಯೋ ಮುಂಚೆನೇ, ಕಿತ್ತಿದ್ದೆ). ಅಂದ್ರೆ ಆ ಕ್ಷಣಕ್ಕೆ ಮಾವನ ಆರು ವರ್ಷದ ಕೆಲಸ ಇದ್ದಿದ್ದು ಒಂದೇ ಒಂದು ಕಡೆ, ಆ ಹಾರ್ಡ್ ಡಿಸ್ಕಲ್ಲಿ, ನಾನು ಮಾತ್ರ ಬ್ಯಾಕಪ್ ಇದೆ ಅಂತ ಆರಾಮಾಗಿ ಮಲ್ಕೊಂಡೆ.

ಬೆಳಗ್ಗೆ ಮಾವ ಫೋನ್ ಮಾಡಿ 'ಒಂದು ಲಗ್ನಪತ್ರಿಕೆ ಅರ್ಜೆಂಟ್ ಕಣೋ, ಕಳ್ಸು' ಅಂದ್ರು. ಹಾರ್ಡ್ ಡಿಸ್ಕ್ ಚುಚ್ಚಿ, ಫೈಲ್ ಮೇಲ್ ಮಾಡಿ, ಹಾರ್ಡ್ ಡಿಸ್ಕ್ ತೆಗೀದೆ, ಉಬುಂಟು ಮತ್ತೆ ಬರೆಯೋಣ ಅಂತ ಪಕ್ಕದ ಪೋರ್ಟ್‌ಗೆ ಪೆನ್‌ಡ್ರೈವ್ ಚುಚ್ಚಿದೆ. ಟರ್ಮಿನಲ್ ತೆಗೆದು ಮೇಲಿನ ಬಾಣ ಒತ್ತಿದೆ. ಹಿಂದಿನ ದಿನ ಪೆನ್‌ಡ್ರೈವ್‌ಗೆ ಉಬುಂಟು ಬರೆಯೋಕೆ ಹೊಡೆದಿದ್ದ ಡಿಡಿ ಕಮ್ಯಾಂಡ್ ಬಂತು, ಎಸ್‌ಡಿಬಿಗೆ ಬರೀ ಅಂತ ಅದರಲ್ಲಿತ್ತು. ಎಂಟರ್.

ತಪ್ಪು ಎಲ್ಲಿ ಅಂತ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಎಲ್ಲರೂ 'ಹುಷಾರಾಗಿ ಮಾಡಿ' ಅಂತಾರೆ, ಯಾವುದರಲ್ಲಿ ಹುಷಾರು ಅಂತ ಹೇಳಲ್ಲ. ಎಸ್‌ಡಿಎ, ಎಸ್‌ಡಿಬಿ ಅನ್ನೋದು ಡಿಸ್ಕಿನ ಹೆಸರಲ್ಲ, ಸರದಿ ನಂಬರ್. ಕರ್ನಲ್‌ಗೆ (ಲಿನಕ್ಸಿನ ತಿರುಳಿಗೆ) ಯಾವುದು ಮೊದಲು ಕಂಡ್ತೋ ಅದಕ್ಕೆ ಮೊದಲ ಅಕ್ಷರ. ಹಿಂದಿನ ದಿನ ಒಳಗಿನ ಡಿಸ್ಕ್ ಎಸ್‌ಡಿಎ, ಹೊರಗಿಂದ ಚುಚ್ಚಿದ್ದು ಪೆನ್‌ಡ್ರೈವ್ ಒಂದೇ, ಅದು ಎಸ್‌ಡಿಬಿ. ಇವತ್ತು ಹಾರ್ಡ್ ಡಿಸ್ಕ್ ಮೊದಲು ಬಂದು ಎಸ್‌ಡಿಬಿ ಆಗಿ ಕೂತಿತ್ತು, ಪೆನ್‌ಡ್ರೈವ್ ಎಸ್‌ಡಿಸಿ ಆಗಿತ್ತು. ಡಿಡಿ ಒಂದು ಮಾತೂ ಕೇಳಲ್ಲ, ಬರೀ ಅಂದ್ರೆ ಬರೀತು. ಪೆನ್‌ಡ್ರೈವ್‌ನ ಕೆಂಪು ಲೈಟ್ ಮಿಣುಕ್ತಿಲ್ಲ, ಹಾರ್ಡ್ ಡಿಸ್ಕ್‌ನ ನೀಲಿ ಲೈಟ್ ಒಂದೇ ಸಮ ಹೊಡ್ಕೊಳ್ತಿದೆ, ನಾನು ಕಾಫಿ ಕುಡೀತಾ ಅದನ್ನೇ ನೋಡ್ತಿದ್ದೆ!

ಬರೆದಿದ್ದು ಒಂದೂವರೆ ಜಿಬಿ ಅಷ್ಟೇ. ಆದ್ರೆ ಆ ಡಿಸ್ಕ್ ಫ್ಯಾಟ್32 (ಡಿಸ್ಕಲ್ಲಿ ಫೈಲ್ ಜೋಡಿಸಿಡೋ ಒಂದು ಹಳೇ ಪದ್ಧತಿ), ಯಾವ ಫೈಲ್ ಎಲ್ಲೆಲ್ಲಿದೆ ಅನ್ನೋ ಟೇಬಲ್ ಶುರುವಿನಲ್ಲೇ ಇರುತ್ತೆ, ಎರಡು ಪ್ರತಿ ಇಟ್ಟಿರ್ತಾರೆ ನಿಜ, ಎರಡೂ ಅಕ್ಕಪಕ್ಕ. ಎರಡೂ ಹೋಯ್ತು. ಹೋದ ಡೇಟಾ ಹುಡುಕಿಕೊಡೋ ಟೆಸ್ಟ್‌ಡಿಸ್ಕ್ ಅನ್ನೋ ಸಾಫ್ಟ್‌ವೇರ್ ಕೈಯೆತ್ತಿತು. ಅಂಥದ್ದೇ ಇನ್ನೊಂದು, ಫೋಟೋರೆಕ್, ರಾತ್ರಿಯೆಲ್ಲಾ ಓಡಿ ಸಾವಿರಾರು ಫೈಲ್ ವಾಪಸ್ ಕೊಡ್ತು, ಒಂದಕ್ಕೂ ಹಳೇ ಹೆಸರಿಲ್ಲ, ಎಲ್ಲಾ ಎಫ್ ಅಂತ ಶುರುವಾಗಿ ಮುಂದೆ ಬರೀ ಅಂಕಿ. ಒಳಗಿಂದಾದ್ರೂ ಹುಡುಕೋಣ ಅಂದ್ರೆ ಅದು ಯೂನಿಕೋಡ್ ಅಲ್ಲ, ಹಳೇ ನುಡಿ ಫಾಂಟು. ನಮಗೆ ಕನ್ನಡ ಕಾಣುತ್ತೆ, ಕಂಪ್ಯೂಟರ್‌ಗೆ ಅದು ತಲೆ ಮೇಲೆ ಚುಕ್ಕಿ ಗೆರೆ ಹೊತ್ತಿರೋ ಇಂಗ್ಲಿಷ್ ಅಕ್ಷರ, 'ಚಿ.ಸೌ.' ಅಂತ ಟೈಪ್ ಮಾಡಿ ಹುಡುಕಿದ್ರೆ ಒಂದೂ ಸಿಗ್ಲಿಲ್ಲ. ಒಂದೊಂದೇ ತೆಗೆದು ಓದಿ ಹೆಸರಿಟ್ಟೆ, ನಾಲ್ಕು ತಿಂಗಳ ಭಾನುವಾರ.

ಈಗ ನಿಮ್ಮದು. ಮಿಂಟ್ ಎಕ್ಸ್‌ಎಫ್‌ಸಿಇ (ಮಿಂಟಿನಲ್ಲೇ ಹಗುರವಾದದ್ದು) ಹಾಕಿ, ಇದರ ಬಗ್ಗೆ ಇನ್ನು ತಲೆ ಕೆಡಿಸ್ಕೋಬೇಡಿ. ಡ್ಯುಯಲ್ ಬೂಟ್ (ವಿಂಡೋಸೂ ಲಿನಕ್ಸೂ ಒಂದೇ ಮಷಿನ್‌ನಲ್ಲಿ) ಬೇಡವೇ ಬೇಡ, ಪಾರ್ಟಿಷನ್ ಕುಗ್ಗಿಸೋ ಸರ್ಕಸ್ ಮೊದಲ ಸಲಕ್ಕೆ ಮಾಡೋದಲ್ಲ. ಚಿಕ್ಕ ಎಸ್‌ಎಸ್‌ಡಿ ತಗೊಳ್ಳಿ, ಹಳೇ ಡಿಸ್ಕ್ ಬಿಚ್ಚಿ ಬೀರುವಲ್ಲಿಟ್ಟು ಹೊಸದಕ್ಕೆ ಇನ್‌ಸ್ಟಾಲ್ ಮಾಡಿ. ಬಿಚ್ಚೋ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕೋ ಬೀಗ) ಆನ್ ಇದ್ಯಾ ನೋಡಿ, ಇದ್ರೆ ರಿಕವರಿ ಕೀ ಬರ್ಕೊಳ್ಳಿ, ಅದಿಲ್ದೆ ಆಮೇಲೆ ಡಿಸ್ಕ್ ತೆರೆಯಲ್ಲ. ಪೆನ್‌ಡ್ರೈವ್ ಮಾಡುವಾಗ ಬೇರೆ ಯಾವ ಡಿಸ್ಕೂ ಚುಚ್ಚಿರಬಾರ್ದು. ಮುಂದೆ ಎಂದಾದ್ರೂ ಡಿಡಿ ಹೊಡೀಬೇಕಾದ್ರೆ ಎಸ್‌ಡಿಬಿ ಅಂತ ಬರೀಬೇಡಿ, ಡೆವ್ ಒಳಗೆ ಡಿಸ್ಕ್, ಅದರೊಳಗೆ ಬೈ-ಐಡಿ ಅನ್ನೋ ಫೋಲ್ಡರ್ ಇದೆ, ಅಲ್ಲಿ ಕಂಪನಿ ಹೆಸರು, ಸೀರಿಯಲ್ ನಂಬರ್ ಸಮೇತ ಇರುತ್ತೆ, ಅದನ್ನ ಹಾಕಿ.

ಮಾವನ ಅಂಗಡೀಲಿ ಈಗ ಮಿಂಟೇ ಓಡ್ತಿದೆ. ಯಾರಾದ್ರೂ 2016ಕ್ಕಿಂತ ಹಳೇ ಕಾರ್ಡ್ ಕೇಳ್ಕೊಂಡು ಬಂದ್ರೆ ಮಾವ ಹುಡುಕೋಕೂ ಹೋಗಲ್ಲ, 'ತಾಳಿ, ನಮ್ಮ ಇಂಜಿನಿಯರ್‌ನ ಕೇಳ್ತೀನಿ' ಅಂತ ಗಿರಾಕಿ ಎದುರಿಗೇ ಸ್ಪೀಕರ್ ಹಾಕಿ ನನಗೆ ಫೋನ್ ಮಾಡ್ತಾರೆ.