ಆಲೂಗಡ್ಡೆ ಗಿಡಕ್ಕೆ ಅಮೈನೋ ಆಸಿಡ್ ಬಾಟಲಿ ಬೇಕಾ?

ತಾರಸಿಯ ಗ್ರೋ ಬ್ಯಾಗಿನಲ್ಲಿ ಆಲೂಗಡ್ಡೆ ಹಾಕಿದ್ದೀರಿ. ಗಡ್ಡೆ ದಪ್ಪ ಆಗುತ್ತೆ ಅಂತ ಅಂಗಡಿಯವರು ಅಮೈನೋ ಆಸಿಡ್ ಬಾಟಲಿ ಕೊಟ್ಟಿದ್ದಾರೆ. ಅದನ್ನು ಬುಡಕ್ಕೆ ಹಾಕಬೇಕಾ, ಎಲೆಗೆ ಹೊಡೆಯಬೇಕಾ, ಅಷ್ಟಕ್ಕೂ ಪ್ರೋಟೀನ್ ಕಟ್ಟುವ ಇಟ್ಟಿಗೆಗಳಾದ ಈ ಅಮೈನೋ ಆಸಿಡ್ ಗಿಡಕ್ಕೆ ಎಲ್ಲಿಂದ ಬರುತ್ತೆ ಅನ್ನೋದು ನಿಮ್ಮ ಪ್ರಶ್ನೆ.

ಸದ್ಯ ಬಾಟಲಿ ಪಕ್ಕಕ್ಕಿಡಿ. ಮೊದಲು ನನ್ನ ಪೆದ್ದುತನ ಕೇಳಿ. ನಾನು ಓದಿದ್ದು ಸಸ್ಯಶಾಸ್ತ್ರ. ಈಗಿನ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ, ಉಳಿದಿರುವುದು ವಿದ್ಯಾರಣ್ಯಪುರದ ಮನೆ ಮೇಲಿನ ನಾಲ್ಕು ಚೀಲ ಮಣ್ಣು ಮಾತ್ರ. ಮೊದಲ ವರ್ಷ ಊರಿಂದ ತಂದ ಯೂರಿಯಾವನ್ನು ವಾರಕ್ಕೊಂದು ಚಮಚದಂತೆ ಹಾಕಿದೆ. ಗಿಡ ಸೊಂಟದವರೆಗೆ ಬಂತು, ಎಲೆ ಕಡು ಹಸಿರು. ಪಕ್ಕದ ಮನೆ ಆಂಟಿ ‘ಇದೇನು, ಸೊಪ್ಪು ಬೆಳೀತಿದ್ದೀರಾ?’ ಅಂದರು. ಜನವರಿ ಕೊನೆಗೆ ಚೀಲ ಬುಡಮೇಲು ಮಾಡಿದರೆ ಎಲ್ಲ ಗೋಲಿ ಗಾತ್ರ. ಒಂದು ಹೊತ್ತಿನ ಪಲ್ಯಕ್ಕೂ ಸಾಲಲಿಲ್ಲ. ಓದಿದ್ದನ್ನು ಮತ್ತೆ ತೆಗೆದು ನೋಡಿದ್ದು ಆಮೇಲೆ.

ನಾನು ತಪ್ಪು ತಿಳಿದಿದ್ದು ಇಷ್ಟೇ: ಗಡ್ಡೆ ಮಣ್ಣಿನಲ್ಲಿದೆ, ಹಾಗಾಗಿ ಮಣ್ಣಿಗೆ ಹಾಕಿದ್ದನ್ನು ಅದು ನೇರವಾಗಿ ಹೀರಿಕೊಳ್ಳುತ್ತೆ ಅಂತ. ಆಲೂಗಡ್ಡೆ ಗಿಡದ ಬೇರು ಅಲ್ಲವೇ ಅಲ್ಲ. ನೆಲದೊಳಗೆ ಅಡ್ಡಕ್ಕೆ ಹೋಗುವ ಕಾಂಡದ ತುದಿ ಊದಿಕೊಂಡರೆ ಅದೇ ಗಡ್ಡೆ. ಮೇಲಿರುವ ಕಣ್ಣುಗಳೆಲ್ಲ ಕಾಂಡದ ಮೊಗ್ಗುಗಳು. ಬೇರು ಹೀರಿದ ನೀರು ಕ್ಸೈಲಂ ಎಂಬ ಕೊಳವೆಯಲ್ಲಿ ಮೇಲೇರುವುದು ಎಲೆಯಿಂದ ನೀರು ಆವಿಯಾಗುತ್ತಿರುವುದರಿಂದ. ಮಣ್ಣಿನೊಳಗೆ ಕೂತ ಗಡ್ಡೆಯಿಂದ ಏನು ಆವಿಯಾಗಬೇಕು? ಹಾಗಾಗಿ ಆ ಹರಿವು ಗಡ್ಡೆಯನ್ನು ಬಿಟ್ಟು ಎಲೆಗೇ ಹೋಗುತ್ತದೆ. ಗಡ್ಡೆಗೆ ಊಟ ಬರುವುದು ಮೇಲಿಂದ ಕೆಳಕ್ಕೆ, ಫ್ಲೋಯಂ ಎಂಬ ಬೇರೆ ಕೊಳವೆಯಲ್ಲಿ.

ಅಡುಗೆಮನೆ ಇರುವುದು ಎಲೆಯಲ್ಲಿ. ಯೂರಿಯಾ ಹಾಕಿ, ಕೊಟ್ಟಿಗೆ ಗೊಬ್ಬರ ಹಾಕಿ, ಮಣ್ಣಿನ ಸೂಕ್ಷ್ಮಜೀವಿಗಳು ಅದರ ಸಾರಜನಕದ ಬಹುಪಾಲನ್ನು ಅಮೋನಿಯಂ, ನೈಟ್ರೇಟ್ ಮಾಡಿಬಿಡುತ್ತವೆ. ನೈಟ್ರೇಟ್ ಎಲೆಗೆ ಬಂದ ಮೇಲೆ ಮೊದಲು ನೈಟ್ರೈಟ್ ಆಗಬೇಕು, ಆಮೇಲೆ ಅಮೋನಿಯಂ. ಒಂದು ನೈಟ್ರೇಟ್ ಅಮೋನಿಯಂ ಆಗಲು 8 ಎಲೆಕ್ಟ್ರಾನ್ ಬೇಕು. ದುಬಾರಿ ಕೆಲಸ. ಹಗಲಿನಲ್ಲಿ ಬಿಸಿಲಿನ ಶಕ್ತಿ ಹೇಗೂ ಕೈಯಲ್ಲೇ ಇರುತ್ತದಲ್ಲ, ಆಗ ಜೋರಾಗಿ ನಡೆಯುತ್ತದೆ. ಅಮೋನಿಯಂ ಜಾಸ್ತಿ ಉಳಿದರೆ ಗಿಡಕ್ಕೇ ವಿಷ. ಅದಕ್ಕೆ ಗಿಡ ಅದನ್ನು ಕೂಡಲೇ ಗ್ಲುಟಮೇಟ್ ಎಂಬ ಅಮೈನೋ ಆಸಿಡ್‌ಗೆ ಅಂಟಿಸಿ ಗ್ಲುಟಮಿನ್ ಎಂಬ ಇನ್ನೊಂದು ಅಮೈನೋ ಆಸಿಡ್ ಮಾಡುತ್ತದೆ. ಈ ಗ್ಲುಟಮಿನ್ ಇನ್ನೊಂದು ಕಿಣ್ವದ ಕೈಗೆ ಹೋಗಿ, ಸಕ್ಕರೆಯಿಂದ ಬಂದ ಇಂಗಾಲದ ತುಂಡಿನ ಜೊತೆ ಸೇರಿ, ಎರಡು ಗ್ಲುಟಮೇಟ್ ಆಗುತ್ತದೆ. ಒಂದನ್ನು ಮುಂದಿನ ಸುತ್ತಿಗೆ ಇಟ್ಟುಕೊಂಡು ಇನ್ನೊಂದನ್ನು ಖರ್ಚು ಮಾಡಬಹುದು. ಮೊಸರಿಗೆ ಹೆಪ್ಪು ಎತ್ತಿಡುತ್ತೇವಲ್ಲ, ಹಾಗೆ. ಪ್ರೋಟೀನಿಗೆ ಬೇಕಾದ 20 ಅಮೈನೋ ಆಸಿಡ್‌ಗಳಿಗೂ ಸಾರಜನಕ ಸಿಗುವುದು ಹೆಚ್ಚಾಗಿ ಇಲ್ಲಿಂದಲೇ. ಇಪ್ಪತ್ತನ್ನೂ ಗಿಡ ತಾನೇ ಮಾಡಿಕೊಳ್ಳುತ್ತದೆ. ನಾವು ಹಾಗಲ್ಲ, ಕೆಲವನ್ನು ಊಟದಿಂದಲೇ ಪಡೆಯಬೇಕು.

ಇನ್ನು ಸಾಗಣೆ. ಆಲೂಗಡ್ಡೆಯಲ್ಲಿ ಬಿಡಿಯಾಗಿ, ಅಂದರೆ ಪ್ರೋಟೀನಿಗೆ ಸೇರದೆ, ಸಿಗುವ ಅಮೈನೋ ಆಸಿಡ್‌ಗಳ ಪೈಕಿ ಅತಿ ಹೆಚ್ಚು ಇರುವುದು ಆಸ್ಪರಜಿನ್. 4 ಇಂಗಾಲಕ್ಕೆ 2 ಸಾರಜನಕ ಹೊರುತ್ತದೆ. ಯಶವಂತಪುರ ಯಾರ್ಡಿನ ಹಮಾಲಿ ಒಂದೇ ಸಲಕ್ಕೆ ಎರಡು ಮೂಟೆ ಎತ್ತಿದ ಹಾಗೆ. ಆದರೆ ಎಲೆಯಿಂದ ಫ್ಲೋಯಂ ಒಳಗೆ ಅಮೈನೋ ಆಸಿಡ್ ಸುಮ್ನೆ ನುಗ್ಗಲು ಆಗುವುದಿಲ್ಲ. ಜೀವಕೋಶದ ಪೊರೆಯಲ್ಲಿ ಒಂದು ಪಂಪ್ ಶಕ್ತಿ ಖರ್ಚು ಮಾಡಿ ಪ್ರೋಟಾನುಗಳನ್ನು (ಧನ ವಿದ್ಯುತ್ತಿನ ಹೈಡ್ರೋಜನ್ ಕಣಗಳನ್ನು) ಹೊರಗೆ ತಳ್ಳುತ್ತದೆ. ಆ ಪ್ರೋಟಾನ್ ಮತ್ತೆ ಒಳಗೆ ಬರುವಾಗ ಅಮೈನೋ ಆಸಿಡನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ತೆರೆಯುವ ಬಾಗಿಲು ಅಂದುಕೊಳ್ಳಿ. ಆಲೂಗಡ್ಡೆ ಎಲೆಯಲ್ಲಿರುವ ಅಂಥ ಒಂದು ಬಾಗಿಲಿನ ಹೆಸರು ಎಸ್‌ಟಿಎಎಪಿ1. ಸಂಶೋಧಕರು ಎಲೆಯಲ್ಲಿ ಈ ಒಂದು ಬಾಗಿಲನ್ನು ಕಡಿಮೆ ಮಾಡಿ ನೋಡಿದರು. ನೆಲದಡಿಯ ಗಡ್ಡೆಯಲ್ಲಿ ಬಿಡಿ ಅಮೈನೋ ಆಸಿಡ್ ಅರ್ಧದವರೆಗೂ ಇಳಿದುಹೋಯಿತು. 2003ರಲ್ಲಿ ಪ್ರಕಟವಾದ ಕೆಲಸ. ಗಡ್ಡೆಯ ಕೀಲಿ ಎಲೆಯಲ್ಲಿದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಗೊತ್ತಿಲ್ಲ.

ಗಡ್ಡೆ ಸೇರಿದ ಸರಕಿನಲ್ಲಿ ಒಂದು ಪಾಲು ಪ್ರೋಟೀನ್ ಆಗುತ್ತದೆ, ಮುಖ್ಯವಾಗಿ ಪಟಾಟಿನ್. ಉಳಿದ ದೊಡ್ಡ ಪಾಲು ಬಿಡಿ ಅಮೈನೋ ಆಸಿಡ್ ಆಗಿಯೇ ಇರುತ್ತದೆ. ಇದನ್ನು ನೋಡಲು ಲ್ಯಾಬ್ ಬೇಡ. ಆಲೂಗಡ್ಡೆ ಹೆಚ್ಚಿ ತಟ್ಟೆಯಲ್ಲಿ ಬಿಟ್ಟು ಫೋನ್ ಮಾತಾಡಿ ಬನ್ನಿ. ಮೊದಲು ಅಂಚಿನಲ್ಲಿ ತೆಳು ಗುಲಾಬಿ, ಆಮೇಲೆ ಕಂದು, ಕೊನೆಗೆ ಕಪ್ಪು. ಬಿಡಿಯಾಗಿದ್ದ ಟೈರೊಸಿನ್ ಎಂಬ ಅಮೈನೋ ಆಸಿಡ್ ಗಾಳಿಯ ಆಮ್ಲಜನಕಕ್ಕೆ ಸಿಕ್ಕಿತು, ನೀವು ಕತ್ತರಿಸಿದಾಗ ಹೊರಬಂದ ಕಿಣ್ವ ಅದನ್ನು ಕಪ್ಪು ಮಾಡಿತು. ಅಮ್ಮ ಹೆಚ್ಚಿದ ಕೂಡಲೇ ನೀರಿಗೆ ಹಾಕುತ್ತಿದ್ದುದು ಗಾಳಿ ತಪ್ಪಿಸಲಿಕ್ಕೆ.

ನಮ್ಮ ಬೀದಿಯ ಹಾಟ್ ಚಿಪ್ಸ್ ಅಂಗಡಿಯ ಬಾಣಲೆಯಲ್ಲಿ ಕೆಲಸ ಮಾಡುವುದು ಆಸ್ಪರಜಿನ್. ಸುಮಾರು 120 ಡಿಗ್ರಿ ದಾಟಿದರೆ ಅದು ಗ್ಲುಕೋಸ್, ಫ್ರಕ್ಟೋಸ್ ಜೊತೆ ಸೇರಿ ಕಂದು ಬಣ್ಣ, ಘಮ ಎಲ್ಲ ಕೊಡುತ್ತದೆ, ಜೊತೆಗೆ ಕ್ಯಾನ್ಸರ್ ತರಬಹುದು ಎಂಬ ಅನುಮಾನವಿರುವ ಅಕ್ರಿಲಮೈಡ್ ಕೂಡ ಸ್ವಲ್ಪ. ಕರಿದ, ಸುಟ್ಟ ತಿಂಡಿಗಳಲ್ಲಿ ಈ ಬೇಡದ ವಸ್ತು ಇದೆ ಅಂತ ಸ್ವೀಡನ್ನಿನವರು 2002ರಲ್ಲಿ ಹೇಳಿದಾಗ ದೊಡ್ಡ ಗದ್ದಲವಾಯಿತು. ಬೇಯಿಸಿದ ಆಲೂಗಡ್ಡೆ 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಮಸಾಲೆ ದೋಸೆಯ ಪಲ್ಯಕ್ಕೆ ಈ ತಂಟೆ ಇಲ್ಲ. ಕರಿಯುವ ಆಲೂಗಡ್ಡೆಯನ್ನು ಮಾತ್ರ ಫ್ರಿಜ್ಜಿನಲ್ಲಿಡಬೇಡಿ. ಚಳಿಗೆ ಪಿಷ್ಟ ಒಡೆದು ಸಕ್ಕರೆ ಜಾಸ್ತಿಯಾಗುತ್ತದೆ, ಚಿಪ್ಸ್ ಬೇಗ ಕಪ್ಪಾಗುತ್ತದೆ.

ಸರಿ, ನಿಮ್ಮ ಚೀಲಕ್ಕೆ ಬರೋಣ. ಸಾರಜನಕ ಅತಿಯಾಗಿ ಸಿಗುತ್ತಲೇ ಇದ್ದರೆ ಗಿಡ ಎಲೆ ಮಾಡುತ್ತಲೇ ಹೋಗುತ್ತದೆ, ಗಡ್ಡೆ ಕಟ್ಟುವುದನ್ನು ಮುಂದೂಡುತ್ತದೆ. ನನ್ನ ಗೋಲಿಗಳ ಕಥೆ ಅದೇ. ರಾತ್ರಿ ತಂಪಾಗಿದ್ದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ, ಬೆಂಗಳೂರಿನ ಡಿಸೆಂಬರ್ ಅದಕ್ಕೆ ಹೇಳಿಮಾಡಿಸಿದ ಹಾಗಿದೆ. ಈಗ ನಾನು ಅಕ್ಟೋಬರ್ ಕೊನೆಗೆ ನೆಡುತ್ತೇನೆ. ನೆಡುವಾಗ ಕೊಟ್ಟಿಗೆ ಗೊಬ್ಬರ, ತಿಂಗಳಾದ ಮೇಲೆ ಮಣ್ಣು ಏರಿಸುವಾಗ ಇನ್ನೊಂದು ಹಿಡಿ, ಅಷ್ಟೇ. ಕೊನೆಗೆ ಎಲೆ ಹಳದಿಯಾದಾಗ ಗಾಬರಿಯಾಗಿ ಕಿತ್ತುಬಿಡಬೇಡಿ. ಎಲೆ ತನ್ನ ಪ್ರೋಟೀನನ್ನು ಒಡೆದು ಮತ್ತೆ ಅಮೈನೋ ಆಸಿಡ್ ಮಾಡಿ ಕೆಳಗೆ ಕಳಿಸುವ ಹೊತ್ತು ಅದು. ಆ ಹಳದಿಯೇ ನಿಮ್ಮ ಗಡ್ಡೆಗೆ ಇಳಿಯುತ್ತಿರುವ ಸಾರಜನಕ.

ಚೀಲ ಸುರಿದಾಗ ಹೊಸ ಗಡ್ಡೆಗಳ ನಡುವೆ ಸುಕ್ಕುಗಟ್ಟಿದ, ಅಮುಕಿದರೆ ಪಿಚಕ್ ಅನ್ನುವ ಒಂದು ತುಂಡು ಸಿಕ್ಕರೂ ಸಿಗಬಹುದು. ನೀವು ನೆಟ್ಟ ಬೀಜದ ಗಡ್ಡೆ. ಮೊಳಕೆಗೆ ಬೇರು ಬಲಿಯುವ ತನಕ ಅದು ತನ್ನ ಪಟಾಟಿನ್ ಒಡೆದು ಮೇಲಕ್ಕೆ ಕಳಿಸಿದೆ. ಆಗ ಮಾತ್ರ ಸಾಗಣೆ ಉಲ್ಟಾ, ಗಡ್ಡೆಯಿಂದ ಚಿಗುರಿಗೆ.

ಬಾಟಲಿಯ ಅಮೈನೋ ಆಸಿಡನ್ನು ಎಲೆಯೂ ಬೇರೂ ಒಂದಷ್ಟು ಹೀರುತ್ತವೆ, ಸುಳ್ಳಲ್ಲ. ಆದರೆ ಮಣ್ಣಿಗೆ ಬಿದ್ದದ್ದರಲ್ಲಿ ಹೆಚ್ಚಿನದು ಸೂಕ್ಷ್ಮಜೀವಿಗಳ ಪಾಲಾಗಿ ಕೊನೆಗೆ ಅದೇ ಅಮೋನಿಯಂ, ನೈಟ್ರೇಟ್ ಆಗುತ್ತದೆ. ದುಡ್ಡು ಕೊಟ್ಟಾಗಿದೆ, ಚೆಲ್ಲಬೇಡಿ. ಕರಿಬೇವಿಗೋ ಪಾಲಕ್‌ಗೋ ಹಾಕಿ, ಅಲ್ಲಿ ನಮಗೆ ಎಲೆಯೇ ಬೇಕಲ್ವಾ.